ಅನ್ವಿತಾಳಿಗೆ ಕಳಿಸಿದ ಮೋಡಗಳು

"ಅಯ್ಯೋ ನಿನ್ನ! ಹಸಿ ಬಾಣಂತಿ ಕಣೆ ನೀನು! ಕಿವಿಯ ಹತ್ತಿ ಕಿತ್ತು ಬಿಸಾಕಿ, ಗಾಳಿಗೆ ಮುಖ ಕೊಟ್ಕೊಂಡು ನಿಂತಿದೀಯಲ್ಲ!"

ನಿರ್ಮಲಮ್ಮ ಬಾಲ್ಕನಿಯ ಬಾಗಿಲನ್ನು ಧಡಾರನೆ ಮುಚ್ಚಿ ಸೊಸೆಯ ಕೈಯಿಂದ ಫೋನನ್ನು ಕಿತ್ತುಕೊಂಡರು. ಆ ಸದ್ದಿಗೆ ಒಂಬತ್ತು ದಿನದ ಮಗು ಬೆಚ್ಚಿಬಿದ್ದು ಅಳತೊಡಗಿತು.

"ಒಂದೇ ಒಂದು ಫೋಟೋ, ಅತ್ತೆ... ಅನ್ವಿತಾಳಿಗೆ ಕಳಿಸ್ಲಿಕ್ಕೆ. ಅವಳು ಕಾಯ್ತಾ ಇರ್ತಾಳೆ."

"ಮೋಡದ ಫೋಟೋ! ಹೆತ್ತ ಮಗು ಇಲ್ಲಿ ಗಂಟಲು ಹರ್ಕೋತಿದ್ರೆ ಇವಳಿಗೆ ಆಕಾಶದಲ್ಲಿ ಆನೆ ಒಂಟೆ ಬೇಕು!"

ಸುಮತಿಗೆ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನಕ್ಕೆ ತವರಿಗೆ ಹೋಗುವ ಬದಲು, ಅತ್ತೆಯೇ ಮೈಸೂರಿನಿಂದ ಎರ್ನಾಕುಲಂ ಪಕ್ಕದ ಕಾಕ್ಕನಾಡಿನ ಈ ಹನ್ನೊಂದನೇ ಮಹಡಿಯ ಫ್ಲ್ಯಾಟಿಗೆ ಬಂದಿದ್ದರು. ಎಣ್ಣೆ ತಿಕ್ಕಿ, ನೀರು ಎರೆದು, ಮೆಣಸಿನ ಸಾರು ಮಾಡಿ ಬಡಿಸುತ್ತಿದ್ದರು. ಮಾಡಿದ್ದನ್ನು ದಿನಕ್ಕೆ ಹತ್ತು ಸಲ ಹೇಳುತ್ತಲೂ ಇದ್ದರು. ಕೈ ಎಷ್ಟು ಮೃದುವೋ ನಾಲಿಗೆ ಅಷ್ಟೇ ಹರಿತ. ಮಗನಾದ ಗುರು ಆ ನಾಲಿಗೆಗೆ ಹೆದರಿಯೇ ಬೆಳೆದವನು, ಐಟಿ ಪಾರ್ಕಿನಲ್ಲಿ ಇಪ್ಪತ್ತು ಜನರಿಗೆ ಮೇಲಧಿಕಾರಿಯಾದರೂ ಮನೆಯಲ್ಲಿ ಬಾಯಿ ಇಲ್ಲದವನು.

ಅನ್ವಿತಾ ಸುಮತಿಯ ಒಬ್ಬಳೇ ತಂಗಿ. ಕಾಸರಗೋಡಿನಿಂದ ತಿರುವನಂತಪುರಕ್ಕೆ ಎಂ.ಎಸ್ಸಿ. ಓದಲು ಹೋದ ಇಪ್ಪತ್ತೆರಡರ ಹುಡುಗಿ. ಭಾನುವಾರ ಬಂದರೆ ಬಸ್ಸು ಹತ್ತಿ ವಿಳಿಂಜಂ ಕಡಲ ದಂಡೆಗೆ ಹೋಗಿ, ದೋಣಿ, ಬಂದರಿನ ಕ್ರೇನು, ಜನ ಯಾವುದನ್ನೂ ನೋಡದೆ ಬರಿಯ ಮೋಡಗಳ ಫೋಟೋ ತೆಗೆದು ಅಕ್ಕನಿಗೆ ಕಳಿಸುತ್ತಿದ್ದಳು, ಅಕ್ಕನೂ ತಿರುಗಿ ಕಳಿಸುತ್ತಿದ್ದಳು. "ಮೋಡದ ಹಿಂದೆ ಓಡ್ಬಾರ್ದು ಅಕ್ಕ. ಸುಮ್ಮನೆ ನಿಲ್ಬೇಕು. ಅದೇ ಪಕ್ಕದ್ದರಿಂದ ಬಿಡಿಸಿಕೊಂಡು ಬಂದು ನಿಲ್ತದೆ, ಆಗ ಒತ್ತಬೇಕು," ಎನ್ನುತ್ತಿದ್ದಳು. ಫೋಟೋ ಕಳಿಸಿದವರು ಬಾಯಿ ಬಿಡಬಾರದು, ನೋಡಿದವರು ಕಂಡದ್ದನ್ನು ಹೇಳಬೇಕು. ಇದು ಅಕ್ಕತಂಗಿಯರ ಕಟ್ಟಳೆ. ಸುಮತಿಗೆ ಬೆಟ್ಟ ಕಂಡಲ್ಲಿ ಅನ್ವಿತಾಳಿಗೆ 'ಶೀತ ಆದ ಒಂಟೆ' ಕಾಣುತ್ತಿತ್ತು. 'ಬಸ್ಸು ತಪ್ಪಿದ ಆಮೆ', 'ಮದುವೆಗೆ ಕರೆಯದ್ದಕ್ಕೆ ಸಿಟ್ಟಾದ ಆನೆ'... ಒಮ್ಮೆ ಅವಳು ಹೇಳಿದ ಮೇಲೆ ಆ ಮೋಡದಲ್ಲಿ ಬೇರೆ ಏನೂ ಕಾಣಲು ಸಾಧ್ಯವೇ ಇರಲಿಲ್ಲ! ಆಫೀಸಿನ ಮೀಟಿಂಗಿನ ನಡುವೆ ಸುಮತಿ ಎಷ್ಟೋ ಸಲ ಫೋನು ನೋಡಿ ನಕ್ಕು ಬೈಸಿಕೊಂಡಿದ್ದಳು.

ಅಂಥ ಹುಡುಗಿಯನ್ನು ರಕ್ತದ ಕ್ಯಾನ್ಸರ್ ಹಿಡಿಯಿತು. ಐದು ತಿಂಗಳಿಂದ ತಿರುವನಂತಪುರದ ಆಸ್ಪತ್ರೆಯಲ್ಲೇ ಇದ್ದಳು. ಕಾಸರಗೋಡಿನಲ್ಲಿ ಮೂವತ್ತೈದು ವರ್ಷ ಬಟ್ಟೆ ಹೊಲಿದ ಅಪ್ಪ ದೇವದಾಸರು ಅಂಗಡಿಗೆ ಬೀಗ ಹಾಕಿ, ಆಸ್ಪತ್ರೆಯ ಎದುರಿನ ಲಾಡ್ಜಿನಲ್ಲಿ ಉಳಿದಿದ್ದರು. ಅನ್ವಿತಾಳ ಮಂಚದಿಂದ ಗೋಡೆಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಬಾಯಿ ತುಂಬ ಹುಣ್ಣಾಗಿ ಮಾತು ನಿಂತಿತ್ತು. ಕೂದಲು ಉದುರಿದ ಮುಖವನ್ನು ಅಕ್ಕನಿಗೂ ತೋರಿಸಲಾರೆ ಎಂದು ವಿಡಿಯೋ ಕರೆಯನ್ನೂ ಬಿಟ್ಟಿದ್ದಳು. ಉಳಿದದ್ದು ಇದೊಂದೇ. ಅಕ್ಕ ದಿನಕ್ಕೊಂದು ಮೋಡ ಕಳಿಸಬೇಕು, ತಂಗಿ ಕಂಡದ್ದನ್ನು ಬರೆಯಬೇಕು.

ಅದೇ ಸಂಜೆ ಅಪ್ಪನ ಕರೆ ಬಂತು. "ಮಗಾ... ಮದ್ದು ಹಿಡಿತಾ ಇಲ್ಲ ಅಂತ ಡಾಕ್ಟ್ರು ಹೇಳಿದ್ರು. ಅಕ್ಕನ್ನ ಒಮ್ಮೆ ನೋಡ್ಬೇಕು ಅಂತ ಬರೆದು ತೋರಿಸಿದ್ಳು."

ಸುಮತಿ ಅತ್ತೆಯ ಕಾಲು ಹಿಡಿದಳು. "ಒಂದೇ ಗಳಿಗೆ ನೋಡಿ ಬರ್ತೇನೆ ಅತ್ತೆ! ಬೆಳಗ್ಗೆ ಹೋಗಿ ರಾತ್ರಿಗೆ ಬರ್ತೇನೆ!"

"ಐದು ಗಂಟೆ ದಾರಿ, ಅದೂ ಆಸ್ಪತ್ರೆಗೆ! ಮಗೂಗೆ ಏನಾದ್ರೂ ಅಂಟಿಕೊಂಡ್ರೆ ನಿಮ್ಮಪ್ಪ ಬಂದು ಉಳಿಸ್ತಾರಾ? ನಲವತ್ತು ದಿನ ಹೊಸಿಲು ದಾಟೋ ಹಾಗಿಲ್ಲ. ನನ್ನ ಹೆಣದ ಮೇಲೆ ಹೋಗು!"

"ನೀವಾದ್ರೂ ಹೇಳಿ!" ಎಂದು ಗಂಡನ ಮುಖ ನೋಡಿದಳು. ಗುರು ತೊಟ್ಟಿಲ ಕಡೆ ನೋಡುತ್ತ, "ಸ್ವಲ್ಪ ದಿನ ತಡ್ಕೋ ಸುಮಾ," ಎಂದ.

ಓದಿದವಳು, ಸಂಬಳ ತರುವವಳು, ಟ್ಯಾಕ್ಸಿ ಕರೆದು ಹೊರಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎದೆಗೆ ಒಂಬತ್ತು ದಿನದ ಕೂಸನ್ನು ಅಂಟಿಸಿಕೊಂಡವಳ ಮುಂದೆ ನಿಂತು ಆ ಮಾತು ಹೇಳಿ ನೋಡಿ. ಅತ್ತೆ ಹೆದರಿಸಿದ್ದು ಮಗುವಿನ ಹೆಸರಿನಲ್ಲಿ, ಸುಮತಿ ಸೋತದ್ದೂ ಅಲ್ಲೇ. ಅಂದಿನಿಂದ ಅತ್ತೆ ಸ್ನಾನಕ್ಕೆ ಹೋದಾಗ ಅಡುಗೆಮನೆಯ ಗಾಜಿನ ಹಿಂದಿನಿಂದ ಕದ್ದು ಫೋಟೋ ತೆಗೆದು ಕಳಿಸತೊಡಗಿದಳು. ಉತ್ತರ ಮಾತ್ರ ಒಂದು ದಿನ ಬಂದರೆ ಒಂದು ದಿನ ಇಲ್ಲ.

ಬಾಣಂತನದ ಹನ್ನೆರಡನೇ ದಿನ ಬೆಳಗಿನ ಜಾವವೇ ಗುರು ಆಫೀಸಿನ ಕೆಲಸವೆಂದು ತಿರುವನಂತಪುರಕ್ಕೆ ಹೊರಟ. "ಅವಳನ್ನು ನೋಡಿಕೊಂಡು ಬನ್ನಿ," ಎಂದು ಸುಮತಿ ಬೇಡಿಕೊಂಡಳು. ಮರಳಿದ ಮೇಲೆ ಅವನು ಚಪ್ಪಲಿ ಬಿಚ್ಚುತ್ತ, ತಲೆ ಎತ್ತದೆ, "ನೋಡ್ದೆ. ಮಲಗಿದ್ಲು," ಎಂದ. ಮಾರನೆಯ ದಿನದಿಂದ ಉತ್ತರಗಳು ತಪ್ಪದೆ ಬಂದವು. ಸುಮತಿಗೆ ಎಷ್ಟೋ ಸಮಾಧಾನವಾಯಿತು.

ಇಪ್ಪತ್ತೊಂದನೇ ದಿನ ಕಟ್ಟಡಗಳ ನಡುವೆ ಒಂದು ದಪ್ಪ ಬಿಳಿ ಮೋಡ ಬಂದು ನಿಂತಿತು. ಕಳಿಸಿದಳು. ಅರ್ಧ ಗಂಟೆಯ ಮೇಲೆ ಉತ್ತರ ಬಂತು. 'ತೋಳು ಕೂರಿಸದ ರವಿಕೆ. ಕುತ್ತಿಗೆ ಸ್ವಲ್ಪ ಅಗಲ ಆಯಿತು.'

ಸುಮತಿ ನಕ್ಕಳು. ನಗುತ್ತಿದ್ದಂತೆಯೇ ಏನೋ ಚುಚ್ಚಿದಂತಾಯಿತು... ಹಿಂದಿನ ದಿನಗಳ ಉತ್ತರಗಳನ್ನು ಬೆರಳಿನಿಂದ ಸರಿಸಿ ನೋಡಿದಳು. 'ಲಂಗದ ನೆರಿಗೆ.' 'ಕಾಲರ್ ಇಲ್ಲದ ಅಂಗಿ.' 'ಜುಬ್ಬ, ಬಲಗಡೆ ಜೇಬು.' ಅನ್ವಿತಾ ಜನ್ಮದಲ್ಲಿ ಒಂದು ಗುಂಡಿ ಹೊಲಿದವಳಲ್ಲ! ಅವಳ ಮೋಡಗಳಲ್ಲಿ ಪ್ರಾಣಿಗಳು ಕುಣಿಯುತ್ತಿದ್ದವು, ಬಟ್ಟೆ ಎಂದೂ ತೂಗಿರಲಿಲ್ಲ. ಜಗತ್ತಿನಲ್ಲಿ ಏನನ್ನು ನೋಡಿದರೂ ಬಟ್ಟೆಯಾಗಿ ಕಾಣುವ ಕಣ್ಣು ಒಂದೇ ಜೊತೆ. ಮೂವತ್ತೈದು ವರ್ಷ ಸೂಜಿಗೆ ನೂಲು ಪೋಣಿಸಿ ಸವೆದ ಕಣ್ಣು ಅದು.

"ಅತ್ತೆ!" ಆ ಕೂಗಿಗೆ ನಿರ್ಮಲಮ್ಮನ ಕೈಯ ಸೌಟು ಜಾರಿತು. "ನನ್ನ ತಂಗಿ ಎಲ್ಲಿ? ಈ ಫೋನಿಂದ ಬರೀತಾ ಇರೋದು ನನ್ನ ಅಪ್ಪ! ಅನ್ವಿತಾ ಎಲ್ಲಿ?"

ನಿರ್ಮಲಮ್ಮ ಒಲೆ ಆರಿಸಿದರು. "ಹನ್ನೆರಡನೇ ದಿನ ಹೋದ್ಲು," ಎಂದರು. "ನಾನೇ ನಿಮ್ಮಪ್ಪಂಗೆ ಫೋನ್ ಮಾಡಿ ಹೇಳ್ದೆ. ನಲವತ್ತು ದಿನ ಕಳೆಯೋವರ್ಗೂ ಬಾಣಂತಿಗೆ ಸಾವಿನ ಸುದ್ದಿ ಬೇಡ, ಹೇಗಾದ್ರೂ ನಡೆಸಿ ಅಂತ. ಗುರು ಮೊದಲನೇ ಮಗು ಅಲ್ಲ ಕಣೆ ನಂಗೆ. ಅವನಿಗಿಂತ ಮುಂಚೆ ಒಂದು ಹೆಣ್ಣು ಹುಟ್ಟಿತ್ತು. ಬಾಣಂತನದಲ್ಲೇ ನಮ್ಮಪ್ಪ ಹೋದ ಸುದ್ದಿ ಬಂತು. ಹಾಲು ಬತ್ತಿ ಹೋಯ್ತು... ಮಗೂನೂ ಹೋಯ್ತು. ನಿಂಗೆ ಹಾಗಾಗಬಾರ್ದು ಅಂತ..."

ಹಾಲು ಬತ್ತಿಯೇ ಆ ಕೂಸು ಹೋಯಿತೋ ಇಲ್ಲವೋ, ದೇವರಿಗೇ ಗೊತ್ತು. ನಿರ್ಮಲಮ್ಮ ಮಾತ್ರ ಅದನ್ನು ಮೂವತ್ತನಾಲ್ಕು ವರ್ಷ ನಂಬಿ ಬದುಕಿದ್ದರು. ಆದರೆ ಒಬ್ಬರ ಹಳೆಯ ನೋವಿಗೆ ಇನ್ನೊಬ್ಬರ ಕೊನೆಯ ಭೇಟಿಯನ್ನು ಬಲಿ ಕೊಟ್ಟರೆ ಅದನ್ನು ಕರುಣೆ ಎನ್ನುವುದು ಹೇಗೆ?

"ಅವಳು ನನ್ನನ್ನು ಕೇಳಿದ್ಳು ಅತ್ತೆ... ಬರೆದು ಕೇಳಿದ್ಳು! ಅಕ್ಕ ಬರ್ಲೇ ಇಲ್ಲ ಅಂತಲೇ ಹೋದ್ಳಲ್ಲ!" ಸುಮತಿ ನೆಲಕ್ಕೆ ಕುಸಿದು ತಲೆ ಚಚ್ಚಿಕೊಂಡಳು. ಕೋಣೆಯಿಂದ ಓಡಿ ಬಂದ ಗುರು ಬಾಗಿಲಲ್ಲೇ ನಿಂತುಬಿಟ್ಟ. ಅವನ ಕಣ್ಣಲ್ಲೂ ನೀರಿತ್ತು.

"ಬೆಂಕಿ ಕೊಟ್ಟವರು ಯಾರು?" ಸುಮತಿ ಅವನನ್ನು ಕೇಳಿದಳು.

"ಮಾವ. ನಾನೂ ಜೊತೆಗಿದ್ದೆ."

"ನೋಡ್ದೆ, ಮಲಗಿದ್ಲು ಅಂದ್ರಲ್ಲ... ಅಪ್ಪ ಈಗ ಎಲ್ಲಿ?"

"ಅದೇ ಲಾಡ್ಜಲ್ಲಿ. ಊರಿಗೆ ಹೋಗೋಕೆ ಎರ್ನಾಕುಲಂ ದಾಟಬೇಕಲ್ಲ, ನಿನ್ನ ನೋಡದೆ ಹೇಗೆ ದಾಟ್ಲಿ, ನೋಡಿದ್ರೆ ಹೇಗೆ ಬಾಯಿ ಮುಚ್ಚಿಕೊಂಡಿರ್ಲಿ ಅಂತಾರೆ. ನಲವತ್ತು ದಿನ ಮುಗೀಲಿ ಅಂತ ಒಬ್ರೇ ಕೂತಿದಾರೆ. ನಿನ್ನ ಫೋಟೋ ಬಂದು, ಉತ್ತರ ಬರೆಯೋವರ್ಗೂ ಊಟಕ್ಕೆ ಇಳಿಯಲ್ವಂತೆ."

ಸುಮತಿಯ ಅಳು ನಿಂತಿತು. ಚಿತೆಯ ಬೂದಿ ಆರುವ ಮೊದಲೇ ಸತ್ತ ಮಗಳ ಫೋನು ಹಿಡಿದು, ಅವಳ ಹಾಗೆ ತಮಾಷೆ ಮಾಡಲು ಬಾರದೆ, ತನಗೆ ತಿಳಿದ ಅಂಗಿ ರವಿಕೆಗಳನ್ನೇ ಮೋಡದಲ್ಲಿ ಹುಡುಕಿ ಹುಡುಕಿ ಬರೆದ ಮುದುಕ ಅವಳ ಕಣ್ಣ ಮುಂದೆ ಬಂದ. ಬೈಯಲು ಎತ್ತಿದ ಫೋನು ಕೈಯಲ್ಲೇ ಉಳಿಯಿತು. ಎದ್ದು ಬಾಲ್ಕನಿಗೆ ನಡೆದಳು. ಈ ಸಲ ನಿರ್ಮಲಮ್ಮ ಅಡ್ಡ ಬರಲಿಲ್ಲ.

ಕಾಯಲಿಲ್ಲ, ಆರಿಸಲಿಲ್ಲ. ಎದುರಿಗಿದ್ದ ಮೋಡದ ಫೋಟೋ ತೆಗೆದು ಅನ್ವಿತಾಳ ಹೆಸರಿಗೇ ಕಳಿಸಿದಳು. ಕೆಳಗೆ ಬರೆದಳು. 'ಅಪ್ಪಾ, ನಿಮಗೆ ಎಂತ ಕಾಣ್ತದೆ?'

ಸಂದೇಶ ತಲುಪಿತು. ಓದಿದ ಗುರುತೂ ಬಂತು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಒಳಗೆ ಮಗು ಅತ್ತಿತು, ಯಾರೋ ಎತ್ತಿಕೊಂಡರು.

ಕೊನೆಗೆ ಉತ್ತರ ಬಂತು.

'ಏನೂ ಕಾಣುವುದಿಲ್ಲ ಮಗಾ. ಬರೀ ಮೋಡ.'