ಮೊದಲ ಸಾಲಿಗೆ ಪಿನ್ ಮಾಡಿದ ಗುಂಪು

2025ರ ಜನವರಿ 9, ಗುರುವಾರ. ಮಧ್ಯಾಹ್ನ 3 ಗಂಟೆ 20 ನಿಮಿಷಕ್ಕೆ ಪ್ರೌಢಶಾಲೆಯ ಮುಖ್ಯಾಧ್ಯಾಪಕ ಗುರುಪಾದಯ್ಯನವರು ಬಬಲೇಶ್ವರದ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಶಾಲೆಯ ಕಚೇರಿಯ ಮೇಜಿನ ಮೇಲಿದ್ದ ಮೊಬೈಲ್ ಫೋನ್ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಳುವಾಗಿದೆ. ಕದ್ದವರು ಅದೇ ಫೋನಿನಿಂದ ಪಾಲಕರ ವಾಟ್ಸಾಪ್ ಗುಂಪಿನಲ್ಲಿದ್ದ ನೂರಾ ಎಂಬತ್ತೇಳು ಜನರನ್ನೂ ಒಬ್ಬೊಬ್ಬರಾಗಿ ಹೊರಹಾಕಿದ್ದಾರೆ.

ಪಿಎಸ್‌ಐ ಸಂಗನಬಸವ ದೂರನ್ನು ಎರಡು ಸಲ ಓದಿದರು. ಫೋನ್ ಕದ್ದವನು ಮಾರಿಕೊಳ್ಳುತ್ತಾನೆ, ಗುಂಪು ಖಾಲಿ ಮಾಡುತ್ತ ಕೂರುವುದಿಲ್ಲ. ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಸಿದ್ದರಾಯನ ಮುಖ ಮಾತ್ರ ಆಗಲೇ ಕೆಂಪೇರಿತ್ತು. ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ಅವನನ್ನೂ ಗುಂಪಿನಿಂದ ತೆಗೆದಿದ್ದರು. ಶಾಲೆಯ ಫೋನ್ ಬಿಟ್ಟರೆ ಆ ಗುಂಪಿನ ಅಡ್ಮಿನ್, ಅಂದರೆ ಅಧ್ಯಕ್ಷ, ಅವನೇ.

ಅಪರಾಧ ಸಂಖ್ಯೆ 4/2025ರಂತೆ ಕಳವು ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಓಡಾಟದ ಕೆಲಸ ತನಗೇ ಬೇಕೆಂದು ಸಿದ್ದರಾಯ ಕೇಳಿ ಪಡೆದ. ತಂತ್ರಜ್ಞಾನ ಬಲ್ಲವಳೆಂದು ಕಾನ್‌ಸ್ಟೇಬಲ್ ಶಮಾಳನ್ನು ಜೊತೆಗೆ ಹಾಕಿದರು.

ಸಿದ್ದರಾಯನ ಸಿಟ್ಟಿಗೆ ಕಾರಣವಿತ್ತು. ಅವನ ಮಗಳು ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಹಳೆಯ ಪಾಲಕರ ಗುಂಪನ್ನು ರಸಗೊಬ್ಬರದ ಅಂಗಡಿಯ ಅರುಣಕುಮಾರ ತನ್ನ ಜಹಗೀರಿನಂತೆ ನಡೆಸಿದ್ದ. ಬೆಳಗಾದರೆ ಗುಲಾಬಿ ಹೂವು, ಚುನಾವಣೆ ಬಂದರೆ ಬೈಗುಳ. ವಿದ್ಯಾರ್ಥಿವೇತನ ಪರೀಕ್ಷೆಯ ತಾರೀಖು ಆ ಹೂವಿನ ರಾಶಿಯಲ್ಲಿ ಹೂತುಹೋಗಿ ಹನ್ನೊಂದು ಮಕ್ಕಳು ಪರೀಕ್ಷೆ ತಪ್ಪಿಸಿಕೊಂಡರು. ಒಬ್ಬರ ಹಿಂದೆ ಒಬ್ಬರು ಬಿಟ್ಟುಹೋಗಿ ಗುಂಪು ಸತ್ತಿತು. ಅದನ್ನು ಮತ್ತೆ ಕಟ್ಟಿದವನು ಸಿದ್ದರಾಯ. ದೀಪಾವಳಿಯ ನಂತರ ರಜೆಯ ದಿನಗಳಲ್ಲೆಲ್ಲ ಸಾರವಾಡ, ಮಮದಾಪುರ ಅಂತ ಮನೆಮನೆ ತಿರುಗಿದ. ಓದಲು ಬಾರದ ತಾಯಂದಿರಿಗಾಗಿ ಶಾಲೆಯ ಸೂಚನೆಗಳನ್ನೆಲ್ಲ ಧ್ವನಿಯಲ್ಲೇ ಕಳಿಸುವ ಪದ್ಧತಿ ಮಾಡಿದ. ಒಬ್ಬೊಬ್ಬರ ಫೋನನ್ನೂ ತಾನೇ ಕೈಗೆ ತೆಗೆದುಕೊಂಡು, ಶಾಲೆಯ ಗುಂಪನ್ನು ಎಲ್ಲಕ್ಕಿಂತ ಮೇಲೆ, ಮೊದಲ ಸಾಲಿಗೆ ಪಿನ್ ಮಾಡಿ ಕೂರಿಸಿದ. ಕಣ್ಣು ಬಿಟ್ಟ ಕೂಡಲೇ ಶಾಲೆ ಕಾಣಬೇಕು ಎಂಬುದು ಅವನ ಮಾತು. ಊರು ಹೊಗಳಿತು. ಹೊಗಳಿಕೆ ಯಾರಿಗೆ ಬೇಡ, ಸಿದ್ದರಾಯನಿಗೂ ಅದು ಸಿಹಿಯಾಗಿಯೇ ಇತ್ತು.

ಸಂಜೆ 4:10ಕ್ಕೆ ಶಾಲೆಯ ಕಚೇರಿಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಚಾರ್ಜರಿನ ವೈರು ಗೋಡೆಯಲ್ಲಿ ಹಾಗೇ ನೇತಾಡುತ್ತಿತ್ತು. ಎಲ್ಲ ಶಿಕ್ಷಕರೂ ಬಳಸುತ್ತಿದ್ದುದರಿಂದ ಫೋನಿಗೆ ಲಾಕ್ ಇರಲಿಲ್ಲ. ಬೆಳಿಗ್ಗೆ ಕಚೇರಿಗೆ ಬಂದವರು ಯಾರೆಂದು ಕೇಳಿದರೆ ಗುರುಪಾದಯ್ಯನವರು ನಾಲ್ಕು ಹೆಸರು ಹೇಳಿದರು. ಒಬ್ಬ ಗುತ್ತಿಗೆದಾರ, ಪಂಚಾಯಿತಿಯ ಇಬ್ಬರು ಸದಸ್ಯರು, ಬಿಸಿಯೂಟದ ಅಧಿಕಾರಿ. ನಾಲ್ವರೂ ಕೂಡಿಯೇ ಬಂದು ಕೂಡಿಯೇ ಹೋಗಿದ್ದರು.

ಸಿದ್ದರಾಯನ ತಲೆಯಲ್ಲಿ ಇದ್ದದ್ದು ಒಂದೇ ಹೆಸರು. 5:30ಕ್ಕೆ ಸೀದಾ ಅರುಣಕುಮಾರನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ ಫೋನ್ ಎಲ್ಲಿಟ್ಟಿದ್ದೀಯೆಂದು ಕೇಳಿದ. ಅರುಣಕುಮಾರ ಬೆಳಗಿನಿಂದ ವಿಜಯಪುರದಲ್ಲಿದ್ದೆನೆಂದ. ಶುಕ್ರವಾರ ಬೆಳಿಗ್ಗೆ ವಿಚಾರಿಸಿದಾಗ ಅದು ನಿಜವಾಯಿತು. ಹತ್ತೂವರೆಯಿಂದ ಒಂದೂವರೆಯವರೆಗೆ ಅವನು ಗಾಂಧಿ ಚೌಕದ ಸಗಟು ಅಂಗಡಿಯೊಂದರಲ್ಲಿ ಕೂತಿದ್ದದ್ದು ಕ್ಯಾಮೆರಾದಲ್ಲಿತ್ತು.

"ಹಗೆ ಇಟ್ಕೊಂಡು ತನಿಖಾ ಮಾಡಬ್ಯಾಡ ಸಿದ್ದರಾಯ," ಅಂದರು ಪಿಎಸ್‌ಐ. ಅವನು ತಲೆ ತಗ್ಗಿಸಿ ನಿಂತ. ಅದು ಆ ದಿನದ ಮೊದಲ ನಾಚಿಕೆ.

ದಾರಿ ತೋರಿಸಿದವಳು ಶಮಾ. ಯಾರನ್ನು ಯಾವಾಗ ತೆಗೆದರು ಎಂಬುದು ಗುಂಪಿನಲ್ಲಿ ಉಳಿದವರ ಫೋನಿಗೆ ಸಾಲಾಗಿ ಬೀಳುತ್ತದೆ. ಹಾಗಾದರೆ ಎಲ್ಲರಿಗಿಂತ ಕೊನೆಗೆ ಹೊರಬಿದ್ದವನ ಫೋನಿನಲ್ಲಿ ಇಡೀ ಪಟ್ಟಿ ಇರಬೇಕು. ಹತ್ತಾರು ಪಾಲಕರಿಗೆ ಕರೆ ಮಾಡಿ ಸಮಯ ಕೇಳುತ್ತ ಹೋದಾಗ ಆ ಕೊನೆಯವನು ಸಿಕ್ಕ. ಮಮದಾಪುರದ ಉಮರ, ಕುರಿ ಸಾಕುವವನು. ಅವನನ್ನು ತೆಗೆದದ್ದು 12 ಗಂಟೆ 52 ನಿಮಿಷಕ್ಕೆ.

ಶುಕ್ರವಾರ 11:30ಕ್ಕೆ ಇಬ್ಬರೂ ಮಮದಾಪುರದ ಕೆರೆ ಏರಿಯ ಮೇಲೆ ಉಮರನ ಫೋನ್ ಹಿಡಿದು ನಿಂತಿದ್ದರು. ಶಮಾ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ನೋಡಿದಳು.

"ಸರ್, ಫೋಟೋ ಇಟ್ಕೊಂಡವರನ್ನ ಮೊದಲ ತೆಗದಾರ. ಫೋಟೋ ಇಲ್ಲದವರು ಎಲ್ಲಾರೂ ಕಡೀಕ. ಮಾರಿ ನೋಡಿ ತೆಗದಾರ್ರಿ, ಹೆಸರು ಓದಿಲ್ಲ."

"ಓದಾಕ ಬರದವರು?"

"ಹೌದ್ರಿ. ಮತ್ತ ಎಲ್ಲಾರಕಿಂತ ಮೊದಲ ಹೋಗಿದ್ದು ಇವರು ನೋಡ್ರಿ. 11:38."

ಸಾರವಾಡದ ಮಲಕವ್ವ. ಹತ್ತನೇ ತರಗತಿಯ ಶೈಲಾಳ ತಾಯಿ. ಕದ್ದವರು ಮೊದಲು ಅವಳನ್ನು ತೆಗೆದು, ಆಮೇಲೆ ಪೊಲೀಸ್ ಟೊಪ್ಪಿಗೆಯ ಫೋಟೋದ ಸಿದ್ದರಾಯನನ್ನು ತೆಗೆದಿದ್ದರು.

ಶಮಾಳ ಬೆರಳು ಪಟ್ಟಿಯನ್ನು ದಾಟಿ ಇನ್ನೂ ಮೇಲೆ ಹೋಯಿತು. ಡಿಸೆಂಬರ್ 10ರಂದು ಬೆಳಿಗ್ಗೆ 6:05ಕ್ಕೆ ಮಲಕವ್ವನ ನಂಬರಿನಿಂದ ಬಂದ ನಲವತ್ತೊಂದು ಸೆಕೆಂಡಿನ ಧ್ವನಿ. ಅವಳು ಒತ್ತುವ ಮೊದಲೇ ಸಿದ್ದರಾಯನಿಗೆ ಅದರಲ್ಲೇನಿದೆ ಎಂದು ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

"ಅಕ್ಕಾ, ಹುಡುಗಿ ಹತ್ತನೇತ್ತಕ್ಕ ಬಂದ್ರೂ ಇನ್ನಾ ಹಾಸಿಗಿ ತೋಯಿಸ್ತಾಳ. ಅವರಪ್ಪ ತೀರಿಕೊಂಡಾಗಿಂದ ಹಿಂಗ. ಟಿಕೋಟಾದಾಗ ಯಾರೋ ಔಷಧ ಕೊಡ್ತಾರಂತಲ್ಲ, ಕೇಳಿ ನೋಡು. ಯಾರ ಮುಂದೂ ಅನಬ್ಯಾಡ ಮತ್ತ."

ಟಿಕೋಟಾದಲ್ಲಿರುವ ತನ್ನಕ್ಕ ಅಕ್ಕನಾಗಮ್ಮನಿಗೆ ಮಲಕವ್ವ ಹೇಳಬೇಕಾದ ಮಾತು ಗುಂಪಿಗೆ ಬಂದುಬಿಟ್ಟಿತ್ತು. ಅದರ ಕೆಳಗೇ, 7:20ಕ್ಕೆ, ಅಧ್ಯಕ್ಷರ ಸೂಚನೆ ಇತ್ತು. ಮನೆಯ ವೈಯಕ್ತಿಕ ವಿಷಯಗಳನ್ನು ಯಾರೂ ಗುಂಪಿನಲ್ಲಿ ಹಾಕಬಾರದು, ಪಾಲಕರು ಶಿಸ್ತು ಕಾಪಾಡಬೇಕು. ನಲವತ್ತಮೂರು ಜನ ಅದಕ್ಕೆ ಹೆಬ್ಬೆರಳು ಎತ್ತಿದ್ದರು.

"ಇದನ್ನ ಅಡ್ಮಿನ್ ಇದ್ದವರು ಅವತ್ತ ಎಲ್ಲಾರ ಫೋನಿಂದನೂ ಅಳಿಸಬೋದಿತ್ತಲ್ರಿ ಸರ್," ಅಂದಳು ಶಮಾ. ಚುಚ್ಚಲೆಂದು ಹೇಳಿದ್ದಲ್ಲ, ಸುಮ್ಮನೆ ಹೇಳಿದಳು.

ಸಿದ್ದರಾಯನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಅದರ ಹಿಂದಿನ ವಾರವಷ್ಟೇ ಯಾರೋ ಕಳಿಸಿದ ಗುಲಾಬಿ ಹೂವನ್ನು ಅವನು ಹಾಗೆಯೇ ಅಳಿಸಿದ್ದ. ಇದನ್ನು ಕೇಳಿದಾಗ ಚಹಾ ಕುಡಿಯುತ್ತಿದ್ದ, ನಕ್ಕಿದ್ದ, ಆಮೇಲೆ ಶಿಸ್ತಿನ ಪಾಠ ಬರೆದಿದ್ದ. ಏರಿಯ ಮೇಲೆ ಗಾಳಿ ತಣ್ಣಗೆ ಬೀಸುತ್ತಿದ್ದರೂ ಅವನ ಬೆನ್ನು ಬೆವರಿತು. ಇದು ಬೆಳಗಿನ ನಾಚಿಕೆಯಂಥದ್ದಲ್ಲ.

ಅಲ್ಲಿಂದಲೇ ಮುಖ್ಯಾಧ್ಯಾಪಕರಿಗೆ ಕರೆ ಮಾಡಿ, ನಿನ್ನೆ ಸಾರವಾಡದ ಮಲಕವ್ವ ಬಂದಿದ್ದಳೇ ಎಂದು ಕೇಳಿದ. ಗುರುಪಾದಯ್ಯನವರು, ಹೌದು, ಬಂದು ಬಾಗಿಲಲ್ಲಿ ನಿಂತಿದ್ದಳು ಎಂದರು. ಡಿಸೆಂಬರ್ 12ರಿಂದ ಶೈಲಾ ಶಾಲೆಗೆ ಬಂದಿಲ್ಲ. ಇನ್ನೊಂದು ವಾರ ಬಾರದಿದ್ದರೆ ಹಾಜರಿ ಸಾಲದೆ ಮಾರ್ಚಿನ ಪರೀಕ್ಷೆಗೆ ಪ್ರವೇಶಪತ್ರ ಸಿಗುವುದಿಲ್ಲ ಎಂದು ತಿಳಿಸಲು ತಾವೇ ಕರೆಸಿದ್ದರು. ನಿನ್ನೆ ಹೆಸರು ಯಾಕೆ ಹೇಳಲಿಲ್ಲವೆಂದರೆ, ಆಕೆ ಬಂದದ್ದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ ಎಂದರು.

ಮಧ್ಯಾಹ್ನ 3:15ಕ್ಕೆ ಪಿಎಸ್‌ಐ, ಸಿದ್ದರಾಯ, ಶಮಾ ಮತ್ತು ಇಬ್ಬರು ಪಂಚರು ಸಾರವಾಡ ತಲುಪಿದರು. ಮಲಕವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಜೀಪು ಕಂಡದ್ದೇ ಮೊರ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು. ಒಳಕೋಣೆಯ ಬಾಗಿಲು ಮುಚ್ಚಿತ್ತು.

"ನಿನ್ನೆ ಸಾಲ್ಯಾಗಿನ ಫೋನ್ ನೀ ತಗೊಂಡಿಯೇನು?" ಪಿಎಸ್‌ಐ ಕೇಳಿದರು.

"ನಾನ ತಗೊಂಡೇನ್ರಿ."

"ಎಲ್ಲೈತಿ?"

ಅವಳು ಒಳಗೆ ಹೋಗಿ ಜೋಳದ ಡಬ್ಬಿಯಿಂದ ಫೋನ್ ತಂದುಕೊಟ್ಟಳು. ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿದ್ದಳು. ಕಚೇರಿಯಲ್ಲಿ ಯಾರೂ ಇಲ್ಲದಾಗ ಫೋನ್ ಎತ್ತಿಕೊಂಡು, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಗುಂಪನ್ನು ಖಾಲಿ ಮಾಡಿದ್ದಾಗಿ, ಆಮೇಲೆ ಫೋನ್ ವಾಪಸು ಇಡಲು ಧೈರ್ಯ ಸಾಲದೆ ಹೋದದ್ದಾಗಿ ಹೇಳಿದಳು. ಜಪ್ತಿ ಪಂಚನಾಮೆ 3:40ಕ್ಕೆ ಆರಂಭವಾಯಿತು.

"ಮಂದೀನ್ನ ತೆಗಿಯೂದು ಯಾರು ಕಲಿಸಿದ್ರು?"

ಮಲಕವ್ವ ಸಿದ್ದರಾಯನ ಕಡೆ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು.

"ಈ ಸಾಹೇಬ್ರ ಕಲಿಸಿದ್ರಿ. ನಮ್ಮ ಮನಿಗೆ ಬಂದಾಗ ನಮ್ಮವರ ನಂಬರ ಹಳೇ ಪಟ್ಟ್ಯಾಗ ಇತ್ತು. ತೀರಿಕೊಂಡಾರ, ತೆಗೀರಿ ಅಂದೆ. ಹೆಸರ ಒತ್ತಿ ಹಿಡದು ಕೆಳಗಿನ ಸಾಲು ಒತ್ತಿದ್ರು. ಹೋತೇನ್ರಿ ಅಂದೆ. ಎಲ್ಲಾ ಹೋತವ್ವ ಅಂದ್ರು."

ಅವನಿಗೆ ನೆನಪಾಯಿತು. ಅದೇ ಅಂಗಳ, ಮನೆ ಮುಂದಿನ ಅದೇ ಕಟ್ಟೆ. ಅವತ್ತು ಅವಳ ಫೋನಿನಲ್ಲಿ ಮೊದಲ ಸಾಲಿನಲ್ಲಿ ಇದ್ದದ್ದು ಅಕ್ಕನಾಗಮ್ಮನ ಮುಖ. ಮಲಕವ್ವ ದಿನಾ ಬೆಳಿಗ್ಗೆ ರೊಟ್ಟಿ ಬಡಿಯುವ ಮೊದಲು ಮೇಲಿನ ಸಾಲು ಒತ್ತಿ ಅಕ್ಕನ ಜೊತೆ ಸುಖದುಃಖ ಮಾತಾಡುತ್ತಿದ್ದಳು. ಆ ಸಾಲಿನಿಂದ ಅಕ್ಕನನ್ನು ಇಳಿಸಿ ಶಾಲೆಯನ್ನು ಕೂರಿಸಿದ್ದು ಇವನ ಬೆರಳು. ಡಿಸೆಂಬರ್ 10ರ ಬೆಳಿಗ್ಗೆ ಅವಳ ಕೈ ಮಾತ್ರ ಹಳೆಯ ರೂಢಿಯಂತೆ ಮೇಲಿನ ಸಾಲಿಗೇ ಹೋಗಿತ್ತು.

"ಸಾಹೇಬ್ರ," ಮಲಕವ್ವ ತಗ್ಗಿದ ದನಿಯಲ್ಲಿ ಕೇಳಿದಳು. "ಮೊದಲ ನನ್ನ ತೆಗದೆ. ನಾ ಹೋದ್ರ ನನ್ನ ಮಾತೂ ಹೋಗತೈತಿ ಅಂತ. ಆಮ್ಯಾಲ ಎಲ್ಲಾರ್ನೂ ತೆಗದೆ. ಈಗರ ಹೋಗೇತೇನ್ರಿ ಅದು? ಹೋಗಿದ್ರ ಹುಡುಗಿ ಸೋಮವಾರ ಸಾಲಿಗೆ ಹೋಗತೇನಿ ಅಂದಾಳ."

ಸಿದ್ದರಾಯ ತನ್ನ ಫೋನ್ ತೆಗೆದು ನೋಡಿದ. ಗುಂಪಿನಲ್ಲಿ ಅವನಿರಲಿಲ್ಲ, ಆ ಮಾತು ಮಾತ್ರ ಹಾಗೇ ಇತ್ತು. ನಲವತ್ತೊಂದು ಸೆಕೆಂಡು, ಅದರ ಕೆಳಗೆ ಅವನ ಶಿಸ್ತು. ಈಗ ಎಲ್ಲರ ಫೋನಿನಿಂದ ಅಳಿಸುವ ಅಧಿಕಾರವೂ ಅವನಿಗೆ ಇರಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಎಂಥೆಂಥವರಿಗೋ ಎಂಥೆಂಥ ಸುಳ್ಳು ಹೇಳಿದ್ದ. ಇವಳಿಗೆ ಹೇಳಲು ಬಾಯಿ ಬರಲಿಲ್ಲ.

"ಹೋಗಿಲ್ಲವ್ವ," ಅಂದ.

ಒಳಕೋಣೆಯ ಬಾಗಿಲು ತೆರೆಯಿತು. ಶೈಲಾ ಹೊಸ್ತಿಲಲ್ಲಿ ನಿಂತಿದ್ದಳು. ಎಣ್ಣೆ ಕಾಣದ ತಲೆ, ಕೈಯಲ್ಲಿ ಗಣಿತದ ಪುಸ್ತಕ.

"ಅವತ್ತ ಭಾಳ ಮಂದಿ ಕೇಳಿದ್ದಿಲ್ರಿ," ಅಂದಳು. "ನಿಮ್ಮ ಮೆಸೇಜ್ ಬಂದ ಮ್ಯಾಲ ಏನೈತಿ ನೋಡೋಣು ಅಂತ ಎಲ್ಲಾರೂ ಮ್ಯಾಲ ಹೋಗಿ ಕೇಳಿದ್ರು."

ಅವಳು ಅಷ್ಟೇ ಹೇಳಿ ತಾಯಿಯ ಪಕ್ಕ ಬಂದು ನಿಂತಳು. ಸಿದ್ದರಾಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸೂರ್ಯ ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ಸಂಜೆ 4:50ಕ್ಕೆ ಶಮಾ ಮಲಕವ್ವನನ್ನು ದಸ್ತಗಿರಿ ಮಾಡಿದಳು. ಟಿಕೋಟಾದ ಅಕ್ಕನಾಗಮ್ಮನಿಗೆ ಕರೆ ಮಾಡಿ ವಿಷಯ ತಿಳಿಸಲಾಯಿತು. ಆಕೆ ಸಿಕ್ಕ ಬಸ್ಸು ಹತ್ತಿ ಬಂದು ಶೈಲಾಳ ಜೊತೆ ಇರುವುದಾಗಿ ಹೇಳಿದಳು. ಮರುದಿನ ವಿಜಯಪುರದ ನ್ಯಾಯಾಲಯದಲ್ಲಿ ಜಾಮೀನಿಗೆ ತಕರಾರು ಮಾಡುವುದಿಲ್ಲವೆಂದು ಪಿಎಸ್‌ಐ ದಾರಿಯಲ್ಲೇ ಹೇಳಿದರು.

ಠಾಣೆಯಲ್ಲಿ 6:30ಕ್ಕೆ ಕೇಸ್ ಡೈರಿ ಬರೆಯುವಾಗ ಅಪರಾಧದ ಉದ್ದೇಶಕ್ಕೆ ಪಿಎಸ್‌ಐ ಒಂದೇ ಸಾಲು ಹಾಕಿದರು. ಮಗಳ ಮಾನ ಉಳಿಸಲು, ಮಾತು ಅಳಿಯುತ್ತದೆಂಬ ತಪ್ಪು ತಿಳಿವಳಿಕೆಯಿಂದ. ಸಿದ್ದರಾಯ ತನ್ನನ್ನೂ ಸಾಕ್ಷಿಯಾಗಿ ಸೇರಿಸಲು ಕೇಳಿದ.

"ಏನಂತ ಬರೀಲಿ?"

"ಫೋನಿನ್ಯಾಗ ಅವರಕ್ಕನ್ನ ಇಳಿಸಿ ಗುಂಪು ಮ್ಯಾಲ ಕೂಡಿಸಿದಾಂವ ನಾ. ಎಲ್ಲಾ ಹೋತು ಅಂತ ಸುಳ್ಳ ಹೇಳಿದಾಂವ ನಾ. ಅಳಿಸೂದು ಬಿಟ್ಟು ಶಿಸ್ತು ಕಲಿಸಿದಾಂವನೂ ನಾನ."

"ಇದು ನಿನ್ನ ಸರ್ವಿಸ್‌ಗೆ ಅಡ್ಡ ಬರತೈತಿ."

"ಬರ್ಲಿ ಸರ್."

ಪಿಎಸ್‌ಐ, ಸಾಕ್ಷಿ ನಂಬರ್ ಏಳು ಎಂದು ಬರೆದುಕೊಂಡರು.

ಶನಿವಾರ ಬೆಳಿಗ್ಗೆ ಸಿದ್ದರಾಯ ಒಂದು ದಿನದ ರಜೆ ಹಾಕಿದ. ಸಮವಸ್ತ್ರ ಇಲ್ಲದೆ, ನೂರಾ ಎಂಬತ್ತೇಳು ಹೆಸರಿನ ಪಟ್ಟಿ ಹಿಡಿದು ಹೊರಟ. ಮೊದಲ ಮನೆ ಅರುಣಕುಮಾರನದು. ಗುರುವಾರದ ಮಾತಿಗೆ ಮೊದಲು ಕ್ಷಮೆ ಕೇಳಿದ. ಆಮೇಲೆ ತನ್ನ ಫೋನ್ ಮುಂದೆ ಹಿಡಿದು, ಅವನು ನೋಡುವಂತೆ ಆ ನಲವತ್ತೊಂದು ಸೆಕೆಂಡನ್ನು ಅಳಿಸಿದ.

"ನಿನ್ನ ಫೋನಿನಾಗೂ ಅಳಸು ತಮ್ಮಾ," ಅಂದ. "ಸೋಮವಾರದೊಳಗ ಇನ್ನಾ ನೂರಾ ಎಂಬತ್ತೈದು ಮನಿ ಅದಾವ."