ಎರಡನೆಯ ಆಂಪ್ಲಿಫೈಯರ್

ಬೆಸುಗೆ ಕಡ್ಡಿಯ ತಂತಿ ಎರಡು ತುಂಡಾಗಿ ನೆಲದ ಮೇಲೆ ಬಿದ್ದಿತ್ತು.

ಬೆಳಗಿನ ಚಹಾ ಹಿಡಿದು ಮಹಡಿಯ ಕಾರ್ಯಾಗಾರಕ್ಕೆ ಬಂದ ನಾನು ಬಾಗಿಲಲ್ಲೇ ನಿಂತೆ. ಮೇಜು ಬೋಳಾಗಿತ್ತು. ಮೂವತ್ತು ವರ್ಷದ ಉಪಕರಣಗಳೆಲ್ಲ ಕಸದ ಡಬ್ಬಿಯಲ್ಲಿದ್ದವು. ಕಿಟಕಿಯ ಪಕ್ಕ ನನ್ನ ತಮ್ಮ ಕುಳಿತಿದ್ದ — ಕೈಯಲ್ಲಿ ಕತ್ತರಿ.

"ಏನೋ ಇದು?"

"ಕಿವಿ ಕೆಟ್ಟವನು ಈ ಕೆಲಸ ಮಾಡಬಾರದು ಅಕ್ಕ."

ತಮ್ಮ ಆಂಪ್ಲಿಫೈಯರ್ ಕಟ್ಟುವವನು. ಹಾಡನ್ನು ಹಿಗ್ಗಿಸಿ ಸ್ಪೀಕರಿಗೆ ಕಳಿಸುವ ಸಕಲವೂ ಒಂದೇ ಪೆಟ್ಟಿಗೆಯೊಳಗೆ. ನಾಲ್ಕು ವರ್ಷ ಕೂತು ಒಂದು ಮಾಡಿದ್ದ. ಮೊನ್ನೆ ಭಾನುವಾರ ದೊಡ್ಡ ಆಡಿಯೊ ಅಂಗಡಿಯಲ್ಲಿ ಅದಕ್ಕೂ ಅಂಗಡಿಯ ಅತಿ ದುಬಾರಿ ಯಂತ್ರಕ್ಕೂ ಹೋಲಿಕೆ ನಡೆಯಿತು. ಎರಡೂ ಪರದೆಯ ಹಿಂದೆ. ಕೇಳುವವರಿಗೆ 'ಒಂದು', 'ಎರಡು' ಅಂತಷ್ಟೇ ಗೊತ್ತು. ಎರಡು ಗಂಟೆ ಕೇಳಿದ ಮೇಲೆ ಏಳು ಜನವೂ ಒಂದನೆಯದಕ್ಕೇ ಮತ ಹಾಕಿದರು. ಆ ಏಳರಲ್ಲಿ ನನ್ನ ತಮ್ಮನೂ ಒಬ್ಬ. ಒಂದನೆಯದು ತನ್ನದೇ ಎಂದು ಅವನಿಗೆ ಖಾತ್ರಿಯಿತ್ತು.

ಒಂದನೆಯದು ಅಂಗಡಿಯದಾಗಿತ್ತು.

"ನನ್ನ ಕೂಸಿನ ದನಿ ನನಗೇ ಗುರುತು ಸಿಗಲಿಲ್ಲ," ಅಂದ. "ಇನ್ನು ಯಾವ ಮುಖ ಇಟ್ಟುಕೊಂಡು ಕಟ್ಟಲಿ?"

ನಾನು ನನ್ನ ಕಾಲೇಜು ಗೆಳತಿಗೆ ಫೋನು ಮಾಡಿದೆ. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿ ನಿವೃತ್ತಳಾದವಳು. ಅಲ್ಲಿನ ಮಕ್ಕಳು ಇಟ್ಟ ಹೆಸರು ಕಿವಿಯಮ್ಮ. ತನ್ನ ಹಳೆಯ ಪರೀಕ್ಷೆಯ ಯಂತ್ರವನ್ನು ಚೀಲದಲ್ಲಿ ಹೊತ್ತು ಬಂದಳು. ತಮ್ಮನ ತಲೆಗೆ ಹೆಡ್‌ಫೋನು ಹಾಕಿ, ಬೆನ್ನ ಹಿಂದೆ ಕೂತು ಒಂದು ಗಂಟೆ ಪರೀಕ್ಷಿಸಿದಳು.

"ವಯಸ್ಸಿಗೆ ತಕ್ಕಷ್ಟು ಸವೆದಿದೆ. ಬೇರೇನೂ ಇಲ್ಲ."

"ಹಾಗಾದರೆ ಮೊನ್ನೆ?"

"ಕಿವಿ ಕೆಟ್ಟಿಲ್ಲ ಅಂದಮೇಲೆ ಬೇರೇನೋ ಕೆಟ್ಟಿರಬೇಕು. ಅದನ್ನ ವಿಚಾರಿಸ್ತೀನಿ. ಅಲ್ಲಿವರೆಗೆ ಆ ಕತ್ತರಿ ನಿಮ್ಮಕ್ಕನ ಕೈಗೆ ಕೊಡು."

ಮಧ್ಯಾಹ್ನ ಕಿವಿಯಮ್ಮ, ನಾನು ಇಬ್ಬರೂ ಅಂಗಡಿಗೆ ಹೋದೆವು. ನನ್ನ ಅನುಮಾನವೆಲ್ಲ ಅಂಗಡಿಯವರ ಮೇಲೆ. ಆದರೆ ಅವರು ನನ್ನ ಮಂಡಿ ನೋವು ಗಮನಿಸಿ, ಕೇಳದೆಯೇ ಎತ್ತರದ ಕುರ್ಚಿ ತಂದುಕೊಟ್ಟರು. ಅನುಮಾನ ಪಡುವುದು ಸ್ವಲ್ಪ ಕಷ್ಟವಾಯಿತು.

"ಪರದೆ ಹಿಂದೆ ಯಾರಿದ್ದರು?" — ಕಿವಿಯಮ್ಮ ಕೇಳಿದಳು.

"ಸುತ್ತುಗಾರ ಒಬ್ಬನೇ."

ಸುತ್ತುಗಾರ ತಮ್ಮನ ಜೊತೆಗಾರ. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿಗೆ ಕೂದಲೆಳೆಯಂಥ ತಂತಿ ಸುತ್ತುವವನು. ಅದಕ್ಕೇ ಆ ಹೆಸರು.

"ನಿಮ್ಮ ಕಡೆಯವರು ಯಾರೂ ಇರಲಿಲ್ವೆ?"

"ಬೇಕಾಗಲಿಲ್ಲಮ್ಮ. ಅವನ ಮೇಲೆ ನನಗೂ ನಂಬಿಕೆ. ಬೆಳಿಗ್ಗೆ ಬೇಗ ಬಂದು, ಎರಡನ್ನೂ ಜೋಡಿಸಿ, ಮೀಟರ್ ಇಟ್ಟು ಎರಡರ ದನಿ ಸಮ ಮಾಡಿದ. ನಾನು ಅತ್ತ ಕಾಲೂ ಇಡಲಿಲ್ಲ."

"ಸಮ ಮಾಡಿದ್ದನ್ನ ನೀವು ನೋಡಿದಿರಾ?"

"ಮಾಡಿದೆ ಅಂದ."

ಅಲ್ಲೇ ಇದ್ದ ಪತ್ರಿಕೆಯ ವಿಮರ್ಶಕ, ಆ ಏಳರಲ್ಲಿ ಒಬ್ಬ, ಮೂಗು ತೂರಿಸಿದ. "ಸಮ ಇಲ್ಲದಿದ್ದರೆ ನಮಗೆ ಗೊತ್ತಾಗಲ್ವೇ? ಎರಡನೆಯದು ಮಂಕಾಗಿತ್ತು. ಹಾಡುವವಳು ಒಂದು ಹೆಜ್ಜೆ ಹಿಂದೆ ನಿಂತ ಹಾಗೆ."

"ಹಿಂದೆ ನಿಂತ ಹಾಗೆ," ಕಿವಿಯಮ್ಮ ಮೆಲ್ಲಗೆ ಅಂದಳು. "ಬೇರೆಯವಳ ಹಾಗೆ ಅಲ್ಲ?"

"ಅಲ್ಲ. ಅವಳೇ. ಸ್ವಲ್ಪ ದೂರ."

ಕಿವಿಯಮ್ಮನ ಮುಖ ಬಾಡಿತು. ಉತ್ತರ ಸಿಕ್ಕಾಗ ಅವಳ ಮುಖ ಅರಳುವುದು ರೂಢಿ. ಈ ಸಲ ಹಾಗಾಗಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಕೇಳಿದಳು. "ಭಾನುವಾರ ನೀನೂ ಹೋಗಿದ್ದೆಯಲ್ಲ. ಆಂಪ್ಲಿಫೈಯರ್ ಮನೆಗೆ ಹೇಗೆ ಬಂತು?"

"ಹಿಂದಿನ ಸೀಟಿನಲ್ಲಿ, ನನ್ನ ಪಕ್ಕ. ಫಲಿತಾಂಶ ಹೇಳಿದ ತಕ್ಷಣ ಸುತ್ತುಗಾರ ತಂದಿಟ್ಟ. ತಮ್ಮ ಮುಂದೆ ಕೂತು ತಲೆ ಎತ್ತಲಿಲ್ಲ. ಬೀಳದ ಹಾಗೆ ನಾನೇ ತಬ್ಬಿಕೊಂಡು ಕೂತಿದ್ದೆ."

"ಬರಿಗೈಯಲ್ಲಿ?"

"ಹೂಂ. ಲೋಹ ತಣ್ಣಗೆ ಕೊರೀತಿತ್ತು, ಶಾಲು —"

ತಮ್ಮನ ಯಂತ್ರ ಹಾಡಲಿ ಬಿಡಲಿ, ಸ್ವಿಚ್ ಹಾಕಿದರೆ ಕೆಂಡ. ಚಹಾ ಲೋಟ ಅದರ ಮೇಲಿಟ್ಟರೆ ಬಿಸಿ ಆರದು.

"ಇನ್ನು ಹೇಳಬೇಡ," ಅಂದಳು. "ಸಂಜೆ ಸುತ್ತುಗಾರನ್ನ ಮನೆಗೆ ಕರೆಸು."

ಅವನು ಬಂದ. ಯಾವಾಗಲೂ ನನಗೆ ಮೊದಲು ನಮಸ್ಕಾರ ಹೇಳಿ ಚಪ್ಪಲಿ ಬಿಡುವವನು, ಅವತ್ತು ಮಾತಿಲ್ಲದೆ ಒಳಗೆ ಬಂದು ನಿಂತ. ತಮ್ಮ ಕಿಟಕಿ ಬಿಟ್ಟು ಕದಲಿರಲಿಲ್ಲ. ಭಾನುವಾರದಿಂದ ಬಟ್ಟೆ ಮುಚ್ಚಿಟ್ಟಿದ್ದ ಆಂಪ್ಲಿಫೈಯರನ್ನು ಕಿವಿಯಮ್ಮ ಮೇಜಿನ ಮೇಲೆ ತರಿಸಿದಳು. ಸ್ವಿಚ್ ಒತ್ತಿದಳು.

ದೀಪ ಹೊತ್ತಲಿಲ್ಲ.

"ಭಾನುವಾರ ಇದು ಹಾಡೇ ಇಲ್ಲ," ಅಂದಳು. "ಎರಡು ಗಂಟೆ ಉರಿದಿದ್ದರೆ ಅಕ್ಕನ ಕೈಗೆ ಬೊಬ್ಬೆ ಬರಬೇಕಿತ್ತು. 'ಒಂದು' ಅಂಗಡಿಯದು. 'ಎರಡು' ಕೂಡ ಅಂಗಡಿಯದೇ — ದನಿ ಕೂದಲೆಳೆಯಷ್ಟು ತಗ್ಗಿಸಿದ್ದು. ಅಷ್ಟು ತಗ್ಗಿಸಿದರೆ ಮೆಲ್ಲಗಾಯಿತು ಅಂತ ಯಾರಿಗೂ ಅನ್ನಿಸಲ್ಲ, ಮಂಕಾಯಿತು ಅನ್ನಿಸುತ್ತೆ. ಏಳು ಜನ ಒಂದೇ ಯಂತ್ರವನ್ನ ಅದರ ಜೊತೆಗೇ ಹೋಲಿಸಿ ತೀರ್ಪು ಕೊಟ್ಟರು. ಹೀಗೆ ಮಾಡೋದಕ್ಕೆ ಪರದೆ ಹಿಂದೆ ಇದ್ದವನಿಂದ ಮಾತ್ರ ಸಾಧ್ಯ. ಅಲ್ಲವೇನಪ್ಪ?"

ಸುತ್ತುಗಾರ ಗೋಡೆಗೆ ಒರಗಿದ.

"ಎಷ್ಟು ಕೊಟ್ಟರು ಅಂಗಡಿಯವರು?" — ತಮ್ಮ ಕೇಳಿದ. ಆ ದನಿ ನಾನು ಹಿಂದೆಂದೂ ಕೇಳಿರಲಿಲ್ಲ.

"ಯಾರೂ ಏನೂ ಕೊಟ್ಟಿಲ್ಲ. ಬೆಳಿಗ್ಗೆ ಬಿಸಿಯಾಗಲಿ ಅಂತ ಸ್ವಿಚ್ ಹಾಕಿದೆ. ಹತ್ತೇ ನಿಮಿಷ, ಸುಟ್ಟ ವಾಸನೆ ಬಂತು. ಟ್ರಾನ್ಸ್‌ಫಾರ್ಮರ್. ತಂತಿ ಒಂದಕ್ಕೊಂದು ತಾಗದ ಹಾಗೆ ಪದರದ ಮಧ್ಯೆ ಕಾಗದ ಕೂರಿಸೋದರಲ್ಲಿ ನಾನು ತಪ್ಪಿದೀನಿ."

"ಹೊರಗೆ ಬಂದು ಹೇಳಬಹುದಿತ್ತಲ್ಲ."

"ಎಲ್ಲರೂ ಬಂದು ಕೂತಿದ್ದರು. ನೀನು ಇಸ್ತ್ರಿ ಅಂಗಿ ಹಾಕಿದ್ದೆ. ಬಾಯಿ ಬರಲಿಲ್ಲ. ಇನ್ನೊಬ್ಬರ ಸದ್ದಲ್ಲಿ ನಿನ್ನನ್ನ ಗೆಲ್ಲಿಸಿದರೆ ಮೋಸ. ಸೋತರೆ ಯಾರಿಗೂ ನಷ್ಟ ಇಲ್ಲ, ಮುಂದಿನ ವರ್ಷ ನೋಡ್ಕೋಬಹುದು ಅಂದುಕೊಂಡೆ. ನೀನು ನಿನ್ನ ಕಿವೀನೇ ಅನುಮಾನಿಸ್ತೀಯ ಅಂತ — ಅದು ಹೊಳೀಲೇ ಇಲ್ಲ."

"ಮೂರು ದಿನ ಆಯ್ತು," ಅಂದ ತಮ್ಮ. "ಆಮೇಲೂ ಹೊಳೀಲಿಲ್ವಾ?"

ಸುತ್ತುಗಾರ ತಲೆ ತಗ್ಗಿಸಿದ. ಕಿವಿಯಮ್ಮ ತನ್ನ ಚೀಲ ತುಂಬತೊಡಗಿದಳು, ತುಂಬುವಂಥದ್ದೇನೂ ಉಳಿದಿರದಿದ್ದರೂ.

ತಮ್ಮ ಎದ್ದು ಬಂದು ಅವನ ಎದುರು ನಿಂತ.

"ಕಾಗದ ಕೂರಿಸೋದರಲ್ಲಿ ನೀನು ಯಾವತ್ತೂ ತಪ್ಪಿದವನಲ್ಲ. ಯಾವಾಗಿಂದ ಕಣ್ಣು ಕಾಣ್ತಿಲ್ಲ?"



"ಎಡಗಣ್ಣು ಹೋದ ವರ್ಷವೇ. ಬಲಗಣ್ಣು ಈಗೀಗ."

"ನಿನ್ನ ಮಗಳಿಗೆ ಗೊತ್ತಾ?"

"ಯಾರಿಗೂ ಗೊತ್ತಿಲ್ಲ."

ತಮ್ಮ ಕ್ಷಮಿಸಿದೆ ಅನ್ನಲಿಲ್ಲ. ನಾಳೆ ಬಾ ಅಂತಲೂ ಅನ್ನಲಿಲ್ಲ. ಸುತ್ತುಗಾರ ಹೊರಡಲು ತಿರುಗಿದಾಗ, ತಮ್ಮ ಅವನಿಗಿಂತ ಮೊದಲೇ ಬಾಗಿಲಿಗೆ ಹೋಗಿ ಮೆಟ್ಟಿಲ ದೀಪ ಹಾಕಿದ. ಕೊನೆಯ ಮೆಟ್ಟಿಲು ಇಳಿಯುವ ಸದ್ದು ಕೇಳುವವರೆಗೂ ಮೇಲೆ ನಿಂತೇ ಇದ್ದ.