ಬಂಗಾರ ಬಿಟ್ಟು ಬೆಳ್ಳಿ ಕದ್ದ ಕಳ್ಳ

ದೇವರಮನೆಯ ಪೆಟ್ಟಿಗೆ ತೆರೆದುಕೊಂಡು ಬಿದ್ದಿತ್ತು. ಭಾಗೀರಥಿಬಾಯಿ ಹೂವಿನ ಬುಟ್ಟಿಯನ್ನು ಅಲ್ಲೇ ಕೈಬಿಟ್ಟರು. ಬಂಗಾರದ ಗಂಟು ಇದೆ—ಬೆಳ್ಳಿಯದು ಮಾಯ!

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ನಾಲ್ಕು ವರ್ಷ. ಹಳ್ಳದಾಚೆಯ ಕೇರಿಯಿಂದ ಕಮಲಾಪುರದ ದೊಡ್ಡ ರಸ್ತೆಗೆ ಒಂದು ದಾರಿ, ಹಳ್ಳಕ್ಕೊಂದು ಸಣ್ಣ ಸೇತುವೆ ಆಗಬೇಕಿತ್ತು—ನಡೆಯುವವರಿಗೆ, ಸೈಕಲ್ಲಿನವರಿಗೆ. 'ಅರ್ಧ ಖರ್ಚು ಊರು ಕೂಡಿಸಲಿ, ಅರ್ಧ ನಾವು ಕೊಡುತ್ತೇವೆ' ಎಂದಿತ್ತು ಹೊಸ ಸರ್ಕಾರ. ನಾಳೆಯೊಳಗೆ ಊರಿನ ಪಾಲು ಕಲಬುರ್ಗಿಯ ಕಚೇರಿಗೆ ಮುಟ್ಟದಿದ್ದರೆ ಸೇತುವೆ ಬೇರೆ ಊರಿಗೆ ಹೋಗುತ್ತದೆ.

ಆ ಪಾಲಿಗಾಗಿ ಮನೆಮನೆಯಿಂದ ಬಂಗಾರ ಕೂಡಿಸಿದವರು ಮಹಿಳಾ ಮಂಡಳಿಯ ಅಧ್ಯಕ್ಷೆ, ವಕೀಲರ ಹೆಂಡತಿ ಭಾಗೀರಥಿಬಾಯಿ. ಎಷ್ಟು? ಒಂದೆರಡು ಉಂಗುರ, ಒಂದು ಸರ. ಬೆಳ್ಳಿ ಕೂಡಿಸಿದವಳು ಹಳ್ಳದಾಚೆಯ ಕೂಲಿ ಹೆಂಗಸು ಶೇವಂತಾ. ಕಡಗ, ಕಾಲುಂಗುರ, ತೋಳಬಂದಿ—ಎರಡು ಕೈ ಹಚ್ಚಿ ಎತ್ತುವಂಥ ಗಂಟು! ಊರ ತುಂಬ ಅವಳದೇ ಜಪ. ಸೇತುವೆಗೂ ಅವಳ ಹೆಸರೇ ಇಡಬೇಕಂತೆ! ಬಾಯಿಯವರ ಹೊಟ್ಟೆಯಲ್ಲಿ ಒಲೆ ಉರಿಯುತ್ತಿತ್ತು. ಸುಳ್ಳೇಕೆ? ಗಂಟು ಕಾಣದಾಗ ಅವರ ಎದೆ ಧಸಕ್ಕೆಂದದ್ದೂ ನಿಜ, ಒಳಗೆಲ್ಲೋ ತಣ್ಣಗಾದದ್ದೂ ನಿಜ.

ಠಾಣೆಯ ಹೊಸ ಅಧಿಕಾರಿ, ಅಮೀನ ನಂಜುಂಡಯ್ಯ ಬಂದರು. ಮೈಸೂರು ಕಡೆಯವರು; ಉರ್ದುವಿನ ಗಂಧವಿಲ್ಲ. ಜೊತೆಯ ಪೇದೆಯೂ ಅವರ ಊರಿನವನೇ. ಪಡಸಾಲೆಯಲ್ಲೇ ವಿಚಾರಣೆ ಶುರುವಾಯಿತು.

"ನಿನ್ನೆ ಸಂಜೆ ಇಲ್ಲಿಗೆ ಯಾರು ಬಂದಿದ್ದರು?"

"ಶೇವಂತಾ ಬಂದಿದ್ಲು. ಒಂದು ಕಡಗಾ ಕೊಟ್ಟು ಹೋದ್ಲು. ಆಮ್ಯಾಲೆ ನಾ ಗುಡಿಗೆ ಹೋದೆ," ಎಂದರು ಬಾಯಿ. ಬೇಕೆಂದೇ ಆ ಹೆಸರನ್ನು ಒತ್ತಿ ಹೇಳಿದರು.

ಅಂಗಳದಲ್ಲಿ ನಿಂತಿದ್ದ ಶೇವಂತಾ ಸಿಡಿದಳು. "ದೇವರಮನೀಗೆ ನಾ ಹೆಂಗ ಹೋಗ್ಲಿರೀ? ಈ ಹೊಸ್ತಿಲಾ ದಾಟಿ ಒಳಗ ಬಾ ಅಂತ ಯಾವತ್ತರ ಕರದೀರೇನ್ರೀ ನನ್ನ? ಹೋದ ಮಳಿಗಾಲದಾಗ ನನ್ನ ತಂಗೀನ್ನ ಹಳ್ಳ ಒಯ್ದೈತ್ರಿ. ಆ ಸೇತುವೀ ಬೆಳ್ಳೀನ ನಾ ಕದೀಲೇನು?"

ಅಮೀನರು ಅದೇ ಮನೆಯಲ್ಲಿದ್ದ ಬಾಯಿಯವರ ತಮ್ಮ ಮುಕುಂದನತ್ತ ತಿರುಗಿದರು. "ನೀವು?"

"ಸಂಜೀ ಪೂರಾ ಕರೀಂಸಾಬನ ಸೈಕಲ್ ಅಂಗಡ್ಯಾಗ ಇದ್ದೆ. ಪಂಕ್ಚರ್ ಹಚ್ಚಸ್ಲಿಕ್ಕೆ ಹತ್ತಿದ್ದೆ."

ಆ ಅಂಗಡಿಯ ಪಕ್ಕದಲ್ಲೇ ಬಳೆ ಮಾರುವ ಮೆಹಬೂಬಿಯನ್ನು ಕರೆಸಿದರು.

"ಕರೀಂಸಾಬ್? ಅವ್ರು ನಿನ್ನೆ ಮಧ್ಯಾಹ್ನಾನೇ ದುಕಾನ್ ಬಢಾಯಿಸ್ಯಾರ್ರೀ," ಎಂದು ಹೇಳಿ ಅವಳು ಹೋದಳು.

ಅಮೀನರ ಕಣ್ಣು ಹೊಳೆಯಿತು. "ಬಢಾಯಿಸಿದ! ಹೆಚ್ಚಿಸಿದ! ನಿನ್ನೆ ಬೆಳ್ಳಿ ಹೋಯಿತು, ನಿನ್ನೆಯೇ ಅಂಗಡಿ ಬೆಳೆಯಿತು—ಎಳೆದು ತಾ ಅವನನ್ನು!"

ಪೇದೆ ಕರೀಂಸಾಬನ ಕೈಗೆ ಹಗ್ಗ ಬಿಗಿದೇ ತಂದ.

"ನಿನ್ನೆ ಸಂಜೆ ಎಲ್ಲಿದ್ದೆ?"

"ಮನ್ಯಾಗಿದ್ದೆ ಸಾಹೇಬ್ರ. ಮಗಳಿಗಿ ಜ್ವರ ಬಂದಿತ್ತು."

"ಸುಳ್ಳು! ಅಂಗಡಿಯಲ್ಲಿದ್ದೆ ಅಂತ ಮುಕುಂದರಾಯರೇ ಹೇಳಿದ್ದಾರೆ!"

ಕರೀಂಸಾಬ ಮುಕುಂದನ ಮುಖ ನೋಡಿದ. ಮುಕುಂದ ಕಂಬ ನೋಡಿದ. ವಕೀಲರ ಮನೆಯವರ ಮಾತಿನೆದುರು ಸೈಕಲ್ ಅಂಗಡಿಯವನ ಮಾತನ್ನು ಕೇಳುವವರು ಯಾರು?

ಭಾಗೀರಥಿಬಾಯಿ ಸೆರಗಿನ ತುದಿ ಹಿಂಡುತ್ತಿದ್ದರು. ಅವರಿಗೆ ಎಲ್ಲ ತಿಳಿದುಹೋಗಿತ್ತು. ಸುಮ್ಮನಿದ್ದರೆ ಸೇತುವೆ ಹೋಗುತ್ತದೆ. ಶೇವಂತಾಳ ಹೆಸರೂ ಅದರ ಜೊತೆ ಹೋಗುತ್ತದೆ. ಸುಮ್ಮನಿದ್ದುಬಿಡಲೇ? ಆದರೆ ಕರೀಂಸಾಬನ ಕೈಯ ಹಗ್ಗ ಕಣ್ಣಿಗೆ ಚುಚ್ಚುತ್ತಿತ್ತು.

"ತಡೀರಿ ಅಮೀನಸಾಹೇಬ್ರ! ದುಕಾನ್ ಬಢಾಯಿಸೋದಂದ್ರ ಹೆಚ್ಚಸೋದಲ್ರೀ—ಮುಚ್ಚೋದು!" ಎಂದುಬಿಟ್ಟರು.

"ಏನು?"

"ಅಂಗಡಿ ಮುಚ್ಚಿದೆ ಅಂತ ಬಾಯ್ಲೆ ಅನಬಾರದು, ಅಪಶಕುನ. ಅದಕ್ಕ ಬಢಾಯಿಸಿದೆ ಅಂತಾರ. ನಾವೂ ಬಳಿ ಒಡೀತು ಅನ್ನೂದಿಲ್ಲ, ಹೆಚ್ಚಿತು ಅಂತೀವಿ. ಮಧ್ಯಾಹ್ನ ಮುಚ್ಚಿದ ಅಂಗಡ್ಯಾಗ ಸಂಜೀಕ ನಿನಗ ಪಂಕ್ಚರ್ ಹಚ್ಚಿಕೊಟ್ಟವರು ಯಾರೋ, ಮುಕುಂದಾ?"

ಮುಕುಂದ ಹಿತ್ತಲ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ.

"ಇನ್ನೊಂದು ಕೇಳ್ರಿ. ಬಂಗಾರ ಬಿಟ್ಟು ಬೆಳ್ಳಿ ಒಯ್ಯೋ ಕಳ್ಳನ್ನ ಎಲ್ಲರೆ ಕಂಡೀರೇನು? ಇವಗ ರೊಕ್ಕ ಬೇಕಾಗಿದ್ದಿಲ್ಲ. ಶೇವಂತಾನ್ನ ಸಣ್ಣಾಕಿ ಮಾಡೋದು ಬೇಕಾಗಿತ್ತು. ಬರಕೋರಿ—ಕಳ್ಳ ನನ್ನ ತಮ್ಮ."

ಮುಕುಂದ ಕುಸಿದು ಕೂತ. "ಅಕ್ಕಾ... ದಿನಾ ಊಟಕ್ಕ ಕೂತಾಗ ನೀನೇ ಅಂತಿದ್ದಿ, ಆಕೀ ಗಂಟು ಹಾಳಾಗಿ ಹೋಗ್ಲಿ ಅಂತ. ನಿನ್ನ ಸಲುವಾಗೇ ತಗೊಂಡೆ. ಹಿತ್ತಲದಾಗ ಕಟಗೀ ಕೆಳಗದ."

"ಹೌದು," ಎಂದರು ಭಾಗೀರಥಿಬಾಯಿ, ಎಲ್ಲರಿಗೂ ಕೇಳುವಂತೆ. "ಕೈ ಇವಂದು. ಕಿಚ್ಚು ನಂದು."

ಪೇದೆ ಬೆಳ್ಳಿಯ ಗಂಟು ತಂದು ಶೇವಂತಾಳ ಕೈಗಿಟ್ಟ. ಅವಳು ಅದನ್ನು ಎದೆಗವಚಿಕೊಂಡಳು. "ಇನ್ನ ಇದನ್ನ ನಿಮ್ಮ ಮನ್ಯಾಗ ಇಡಂಗಿಲ್ರೀ ಬಾಯಾರ. ನಾನೇ ಕಲಬುರ್ಗಿಗಿ ಒಯ್ತೇನಿ."

ಬಾಯಿಯವರು ಒಳಗೆ ಹೋಗಿ ಬಂಗಾರದ ಗಂಟು ತಂದರು. ಅಂಗಳಕ್ಕಿಳಿದು ಶೇವಂತಾಳ ಉಡಿಗೆ ಹಾಕಿದರು. ಹೊಟ್ಟೆಕಿಚ್ಚು ಆರಿತೇ? ಎಲ್ಲಿಯ ಮಾತು! ಶೇವಂತಾ ಮೋಟರು ಹಿಡಿಯಲು ಹೊರಟಾಗ, ಹಗ್ಗ ಬಿಚ್ಚಿಸಿಕೊಂಡ ಕರೀಂಸಾಬನೂ ಸೇರಿ ಊರಿಗೆ ಊರೇ ಅವಳ ಹಿಂದೆ ನಡೆಯಿತು. ಬಾಯಿಯವರ ಜೊತೆ ಪಡಸಾಲೆಯಲ್ಲಿ ಉಳಿದವರು ಅಮೀನರು, ಪೇದೆ, ಮತ್ತು ಅದೇ ಹಗ್ಗಕ್ಕೆ ಕೈಯೊಡ್ಡಿ ನಿಂತ ತಮ್ಮ.